ಮೋರಿ ಕಟ್ಟಿದ್ದು ಮಳೆಯಲ್ಲ, ನಾವು

ಹೋದ ವರ್ಷ ಉತ್ತರಿ ಮಳೆ ಹಿಡಿದ ರಾತ್ರಿ, ಹನ್ನೊಂದರ ಸುಮಾರಿಗೆ ನಮ್ಮ ಕಾಕಾ ಫೋನ್ ಮಾಡಿದ. "ತಮ್ಮಾ, ಉಳ್ಳಾಗಡ್ಡಿ ಹೊಲದಾಗ ಮಣಕಾಲಮಟ ನೀರು ನಿಂತೈತಿ. ರಸ್ತಾದ ಮ್ಯಾಲೂ ಹರಿಯಾಕತ್ತೈತಿ. ನೀ ಪೇಪರಿನಾಂವ ಅದಿ, ಯಾರಿಗರ ಹೇಳೋ."

ಯಾರಿಗೆ ಹೇಳುವುದು? ಗೊತ್ತಿದ್ದ ಎರಡು ಮೂರು ನಂಬರಿಗೆ ಫೋನ್ ಹಚ್ಚಿದೆ. ಆ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೂ ಆ ರಾತ್ರಿ ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂಬುದು ಮರುದಿನ ತಿಳಿಯಿತು.

ಬೆಳಗ್ಗೆ ಬೈಕ್ ತಗೊಂಡು ಹೋದೆ. ಮಳೆ ನಿಂತಿತ್ತು. ರಸ್ತೆಯ ಮೇಲ್ಭಾಗದ ಹೊಲಗಳೆಲ್ಲ ಕೆರೆಯಾಗಿದ್ದವು. ರಸ್ತೆಯ ಕೆಳಭಾಗದಲ್ಲಿ ಹಳ್ಳದ ಉಸುಕು ಕಾಣುತ್ತಿತ್ತು. ನಡುವೆ ಡಾಂಬರು ರಸ್ತೆ ಒಡ್ಡಿನ ಹಾಗೆ ಮಲಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಬಯಲು. ಆ ರಸ್ತೆಯ ಕೆಳಗೆ ಒಂದು ಮೋರಿ ಇದೆ ಎಂಬುದು ನನಗೆ ಅವತ್ತೇ ಗೊತ್ತಾಗಿದ್ದು. ಹತ್ತು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಕಾಕಾ ಮತ್ತು ಪಕ್ಕದ ಹೊಲದ ಇಬ್ಬರು ಹುಡುಗರು ರಸ್ತೆಯ ಮೇಲೆ ನಿಂತು ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿ ಮೋರಿಯ ಬಾಯಲ್ಲಿದ್ದದ್ದನ್ನು ಎಳೆಯುತ್ತಿದ್ದರು. ಬಂದದ್ದು ಏನೇನು? ಜಾಲಿ ಕಂಟಿ. ಹಿಂದಿನ ಬೆಳೆಯ ಹತ್ತಿಕಟಗಿಯ ಹೊರೆ. ಎರಡು ಗೊಬ್ಬರದ ಚೀಲ. ಹರಿದ ತಾಡಪತ್ರಿ. ಯಾರದೋ ಮನೆ ಕಾರ್ಯದ ಥರ್ಮಾಕೋಲ್ ತಾಟು. ಅದರ ಹಿಂದೆ ಕಲ್ಲಿನಂತೆ ಕೂತ ರಾಡಿ. ಅರ್ಧ ತಾಸು ಎಳೆದ ಮೇಲೆ ಒಳಗೆ ಗೊಳಗೊಳ ಸಪ್ಪಳ ಬಂತು. ನೀರು ಸುಳಿ ತಿರುಗಿತು. ಮಧ್ಯಾಹ್ನದೊಳಗೆ ಹೊಲ ಬಯಲಾಯಿತು.

ಆದರೆ ಉಳ್ಳಾಗಡ್ಡಿ ಉಳಿಯಲಿಲ್ಲ. ಕೀಳುವುದಕ್ಕೆ ಇನ್ನು ಕೆಲವೇ ದಿನ ಇದ್ದ ಗಡ್ಡಿ ಒಂದು ರಾತ್ರಿ, ಅರ್ಧ ಹಗಲು ನೀರುಂಡಿತ್ತು. ಕಿತ್ತು ಒಣಗಿಸಿ ಚೀಲ ತುಂಬಿದ ಮೇಲೆ ಚೀಲದೊಳಗೇ ಕೊಳೆಯಿತು.

ಹಾನಿಯ ಕಾಗದದ ಮೇಲೆ ಬರೆದದ್ದು "ಅತಿವೃಷ್ಟಿಯಿಂದ ಬೆಳೆ ಹಾನಿ" ಎಂದು. ನಾನೂ ಅವತ್ತು ಸಂಜೆ ಸುದ್ದಿ ಕಳಿಸಿದೆ: "ಮಳೆಗೆ ಉಳ್ಳಾಗಡ್ಡಿ ನೀರುಪಾಲು". ಮೋರಿಯ ಮಾತು ಒಂದು ಸಾಲೂ ಇರಲಿಲ್ಲ. ಅರ್ಧ ತಾಸಿನ ಕೆಲಸಕ್ಕೆ ಬೆಳೆ ಹೋದದ್ದನ್ನು ಕಣ್ಣಾರೆ ನೋಡಿ ಬಂದು ಮಳೆಯ ಮೇಲೆ ಹಾಕಿದೆ. ಅದು ತಪ್ಪು ಸುದ್ದಿ. ಇವತ್ತು ಅದನ್ನು ತಿದ್ದುತ್ತಿದ್ದೇನೆ.

ಬೀವರ್ ಇಲ್ಲದ ಊರು

ಅಮೆರಿಕ, ಕೆನಡಾ, ಯುರೋಪಿನಲ್ಲಿ ಬೀವರ್ ಅಂತ ಒಂದು ಪ್ರಾಣಿ ಇದೆ. ಇಲಿಯ ಬಳಗದ್ದು, ಆದರೆ ತೂಕದಲ್ಲಿ ನಮ್ಮ ಕುರಿಮರಿಗೆ ಸಮ. ಚಪ್ಪಟೆ ಬಾಲ, ಕಿತ್ತಳೆ ಬಣ್ಣದ ಉಳಿಯಂಥ ಹಲ್ಲು. ಗಿಡ ಕಡಿದು, ಕೊಂಬೆ ಎಳೆದು ತಂದು, ರಾಡಿ ಮೆತ್ತಿ ಹಳ್ಳಕ್ಕೆ ಅಡ್ಡ ಒಡ್ಡು ಹಾಕುತ್ತದೆ. ಹಿಂದೆ ನಿಂತ ನೀರಿನಲ್ಲಿ ಗೂಡು ಮಾಡಿಕೊಂಡು ಇರುತ್ತದೆ.

ಅಲ್ಲಿನ ರಸ್ತೆಯವರಿಗೆ ಇದರದ್ದು ದೊಡ್ಡ ಕಾಟ. ಯಾಕೆಂದರೆ ಬೀವರ್ ಕಣ್ಣಿಗೆ ರಸ್ತೆ ಎಂದರೆ ಯಾರೋ ಮೊದಲೇ ಕಟ್ಟಿಟ್ಟ ಒಡ್ಡು. ಒಂದೇ ಕೊರತೆ, ನಡುವೆ ಒಂದು ತೂತು. ಅದೇ ಮೋರಿ. ಆ ತೂತು ಮುಚ್ಚಿದರೆ ಕೆಲಸ ಮುಗಿಯಿತು. ನೀರು ಹರಿಯುವ ಸಪ್ಪಳ ಕೇಳಿದರೆ ಸಾಕು, ಅದಕ್ಕೆ ಅಲ್ಲಿ ಕಸ ತುಂಬಬೇಕು ಅನಿಸುತ್ತದಂತೆ. ಸ್ವೀಡನ್ನಿನ ವಿಜ್ಞಾನಿಯೊಬ್ಬರು ಧ್ವನಿವರ್ಧಕದಲ್ಲಿ ನೀರಿನ ಸಪ್ಪಳ ಕೇಳಿಸಿ ನೋಡಿದರು. ಒಣ ಜಾಗದಲ್ಲೂ ಅವು ಆ ಸಪ್ಪಳದ ಕಡೆ ಕಟ್ಟಿಗೆ ತಂದು ಒಟ್ಟಿದವು.

ಅಲ್ಲಿನವರು ಮೊದಮೊದಲು ಮಾಡಿದ್ದು ನಾವು ಮಾಡುವುದನ್ನೇ. ಮೋರಿ ಕಟ್ಟಿದ ಮೇಲೆ ಬಂದು ಕಿತ್ತರು. ಮರುರಾತ್ರಿ ಬೀವರ್ ಮತ್ತೆ ಮುಚ್ಚಿತು. ಆಮೇಲೆ ಬುದ್ಧಿ ಬಂತು. ಈಗ ಮೋರಿಯ ಬಾಯಿಂದ ಸಾಕಷ್ಟು ದೂರದಲ್ಲಿ ಅಗಲವಾಗಿ ಬೇಲಿ ಹಾಕುತ್ತಾರೆ. ಬಾಯಿಯ ಹತ್ತಿರ ಪ್ರಾಣಿಯೂ ಬರಬಾರದು, ಕೊಂಬೆಯೂ ಬರಬಾರದು. ನೀರು ಮಾತ್ರ ಬರಬೇಕು. ಕಿತ್ತು ತೆಗೆಯುವ ಬದಲು ಬರದ ಹಾಗೆ ತಡೆಯಬೇಕು ಎಂಬ ಪಾಠವನ್ನು ಅವರಿಗೆ ಒಂದು ಪ್ರಾಣಿ ಕಲಿಸಿತು.

ಬಾಗಲಕೋಟೆ ಜಿಲ್ಲೆಯಲ್ಲಿ ಬೀವರ್ ಇಲ್ಲ. ಇಡೀ ಭಾರತದಲ್ಲೇ ಇಲ್ಲ. ಹಾಗಿದ್ದರೆ ಬಾದಾಮಿಯಿಂದ ಇಳಕಲ್‌ವರೆಗೆ ನಮ್ಮ ಮೋರಿಗಳನ್ನು ಪ್ರತಿ ವರ್ಷ ಕಟ್ಟುತ್ತಿರುವವರು ಯಾರು? ಬೀವರ್ ಮೇಲೆ ಸಿಟ್ಟು ಮಾಡುವಂತಿಲ್ಲ, ಅದು ಹುಟ್ಟುಗುಣ. ನಮ್ಮದು ಯಾವ ಗುಣ?

ಎರಡು ಸಾವಿರ ಟ್ಯಾಂಕರ್ ಲೆಕ್ಕ

ಮೋರಿ ಅಂದರೆ ಸಣ್ಣದು ಎಂಬ ಉದಾಸೀನ ಎಲ್ಲರಿಗೂ ಇದೆ. ಗುತ್ತಿಗೆದಾರರ ಬಾಯಲ್ಲಿ ಅದು "ಸಿಡಿ", ಬಿಲ್ಲಿನ ಒಂದು ಸಾಲು. ನಮ್ಮ ಬಾಯಲ್ಲಿ "ಸಣ್ಣ ಬ್ರಿಜ್". ಅದರ ಕೆಲಸ ಎಷ್ಟು ದೊಡ್ಡದು, ಒಂದು ಲೆಕ್ಕ ಮಾಡೋಣ.

ನೂರು ಎಕರೆ ನೀರು ಒಂದು ಮೋರಿಗೆ ಬರುತ್ತದೆ ಎಂದುಕೊಳ್ಳಿ. ನಮ್ಮ ಕಡೆ ಇದೇನು ದೊಡ್ಡದಲ್ಲ. ಆ ನೂರು ಎಕರೆ ಮೇಲೆ ಒಂದೇ ಮಳೆಗೆ 50 ಮಿಲಿಮೀಟರ್ ಬಿದ್ದರೆ ಒಟ್ಟು ನೀರು 2 ಕೋಟಿ ಲೀಟರ್. ಅರ್ಧ ಮಣ್ಣು ಕುಡಿಯಿತು ಎಂದರೂ 1 ಕೋಟಿ ಲೀಟರ್ ಹಳ್ಳ ಹಿಡಿಯುತ್ತದೆ. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 2 ಸಾವಿರ ಟ್ಯಾಂಕರ್. ಅಷ್ಟೂ ಟ್ಯಾಂಕರ್ ಆ ಒಂದು ತೂತಿನಿಂದ ದಾಟಬೇಕು.

ಈಗ ಪೈಪಿನ ಅಳತೆ ನೋಡಿ. ನಾಲ್ಕಡಿ ಪೈಪಿನ ಬದಲು ಎರಡಡಿ ಪೈಪು ಹಾಕಿದರೆ ನೀರಿನ ದಾರಿ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಇದು ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವೇ. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೆ ನಾಲ್ಕಡಿ ಪೈಪು ಆ 1 ಕೋಟಿ ಲೀಟರನ್ನು ಒಂದೂಕಾಲು ತಾಸಿನೊಳಗೆ ದಾಟಿಸುತ್ತದೆ. ಎರಡಡಿ ಪೈಪಿಗೆ ಸುಮಾರು ಐದು ತಾಸು ಬೇಕು. ಅದೇ ಎರಡಡಿ ಪೈಪಿನ ಮುಕ್ಕಾಲು ಭಾಗ ಹೂಳು ತುಂಬಿದ್ದರೆ? ಹತ್ತಿರ ಹತ್ತಿರ ಇಪ್ಪತ್ತು ತಾಸು. ಅಷ್ಟು ಹೊತ್ತು ನೀರು ಎಲ್ಲಿ ನಿಲ್ಲಬೇಕು? ಹೊಲದಲ್ಲಿ. ಹೊಲ ತುಂಬಿದ ಮೇಲೆ? ರಸ್ತೆಯ ಮೇಲೆ. ರಸ್ತೆಯ ಬದಿಯ ಮಣ್ಣು ಕೊಚ್ಚಿ, ಡಾಂಬರು ಜೋತು ಬಿದ್ದು, ಕೊನೆಗೆ ರಸ್ತೆಯೇ ಕಡಿದು ಹೋಗುತ್ತದೆ. ಮರುದಿನ ಎಲ್ಲರ ಮೊಬೈಲಿನಲ್ಲಿ ಅದೇ ಫೋಟೊ.

ಆಗ ಬರುವ ಮಾತು ಒಂದೇ: "ಏನ್ ಮಾಡಾಕ ಬರತೈತ್ರಿ, ಮಳಿ ಜಾಸ್ತಿ ಆತು."

ನಮ್ಮದು ಮಳೆನಾಡೇನೂ ಅಲ್ಲ. ವರ್ಷಕ್ಕೆ 600 ಮಿಲಿಮೀಟರ್ ದಾಟಿದರೆ ಒಳ್ಳೆ ವರ್ಷ ಅನ್ನುವ ಸೀಮೆ. ಉಳಿದ ತಿಂಗಳಿಗಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಉತ್ತರಿ ಹಸ್ತಿಯ ಸುಮಾರಿಗೆ. ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ಸಂಗತಿ ಇದು. ಪ್ರತಿ ವರ್ಷ ಹೇಳಿ ಬರುವ ಮಳೆಯನ್ನು ಕಳ್ಳನ ಹಾಗೆ ಬಂತು ಎನ್ನುವುದು ಯಾವ ನ್ಯಾಯ?

ಒಂದು ಮಾತು ಒಪ್ಪುತ್ತೇನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಬಂದ ನೆರೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂತು. ಅದು ಹೊಳೆಯ ನೆರೆ. ಅದನ್ನು ಯಾವ ಮೋರಿಯೂ ತಡೆಯುತ್ತಿರಲಿಲ್ಲ. ಆದರೆ ಹೊಳೆಯಿಂದ ದೂರ ಎತ್ತರದಲ್ಲಿರುವ ಊರಿನ ಹೊಲ ಮುಳುಗುವುದು, ಶಾಲೆಯ ಅಂಗಳದಲ್ಲಿ ನೀರು ನಿಲ್ಲುವುದು, ಹೆದ್ದಾರಿ ದಾಟಲಾಗದೆ ಆಂಬುಲೆನ್ಸ್ ನಿಲ್ಲುವುದು ಹೊಳೆಯ ನೆರೆ ಅಲ್ಲ. ದೊಡ್ಡ ನೆರೆಯ ಹೆಸರು ಹೇಳಿ ಈ ಸಣ್ಣ ನೆರೆಯ ಹೊಣೆ ತಪ್ಪಿಸಿಕೊಳ್ಳುವುದು ಸಾಕು.

ಯಾರು ಕಟ್ಟಿದರು?

ಹುನಗುಂದದ ಎರಿ ಸೀಮೆಯಿಂದ ಸುರು ಮಾಡೋಣ. ಅಲ್ಲಿ ತಪ್ಪು ಮೊದಲು ನಮ್ಮದು, ರೈತರದು. ಹಳ್ಳದ ದಂಡೆ ಬಿಡದೆ ಮೋರಿಯ ಬಾಯಿಯ ತನಕ ರಂಟೆ ಹೊಡೆಯುತ್ತೇವೆ. ಮೊದಲ ದೊಡ್ಡ ಮಳೆಗೆ ಆ ಸಡಿಲ ಎರಿಮಣ್ಣು ರಾಡಿಯಾಗಿ ಬಂದು ಪೈಪಿನ ತಳಕ್ಕೆ ಕೂರುತ್ತದೆ. ಕಿತ್ತ ಹತ್ತಿಕಟಗಿ, ತೊಗರಿ ಕಟಗಿ, ಜೋಳದ ಕೂಳಿ ಎಲ್ಲವನ್ನೂ ಹೊಲದಿಂದ ಎತ್ತಿ ಹಳ್ಳದ ದಂಡೆಗೆ ಒಗೆಯುತ್ತೇವೆ. "ಹಳ್ಳ ಬಂದ್ರ ಒಯ್ತೈತಿ" ಅನ್ನುತ್ತೇವೆ. ಒಯ್ಯುತ್ತದೆ, ಸರಿ. ಎಲ್ಲಿಗೆ? ಮುಂದಿನ ಮೋರಿಗೆ. ಅಲ್ಲಿ ಇನ್ನೊಬ್ಬನ ಹೊಲ ಇರುತ್ತದೆ.

ವಿಚಿತ್ರ ನೋಡಿ. ಇದೇ ಎರಿ ಸೀಮೆಯ ರೈತ ತನ್ನ ಹೊಲಕ್ಕೆ ಒಡ್ಡು ಹಾಕಿದರೆ ಮೊದಲು ನೀರು ಹೋಗುವುದಕ್ಕೆ ಕಲ್ಲಿನ ಕೋಡಿ ಕಟ್ಟುತ್ತಾನೆ. ಕೋಡಿ ಇಲ್ಲದ ಒಡ್ಡು ಒಂದೇ ಮಳೆಗೆ ಒಡೆಯುತ್ತದೆ ಎಂದು ಅವನಿಗೆ ಗೊತ್ತು. ಮಳೆಗೆ ಮುಂಚೆ ಆ ಕೋಡಿಯ ಕಲ್ಲು ಸರಿ ಇದೆಯೇ ಎಂದು ನೋಡಿ ಬರುತ್ತಾನೆ. ಸರ್ಕಾರದ ರಸ್ತೆಯೂ ಒಂದು ಒಡ್ಡೇ, ಮೋರಿಯೇ ಅದರ ಕೋಡಿ. ಒಂದೇ ವ್ಯತ್ಯಾಸ: ಹೊಲದ ಕೋಡಿಗೆ ಯಜಮಾನ ಇದ್ದಾನೆ, ರಸ್ತೆಯ ಕೋಡಿಗೆ ಇಲ್ಲ.

ಇಳಕಲ್ಲಿಗೆ ಬರೋಣ. ಇಳಕಲ್ ಎಂದರೆ ಸೀರೆ, ಇಳಕಲ್ ಎಂದರೆ ಕೆಂಪು ಗ್ರಾನೈಟ್. ಕಲ್ಲು ಕೊಯ್ಯುವಾಗ ನೀರಿನ ಜೊತೆ ಬರುವ ಪುಡಿ ಹಿಟ್ಟಿನಷ್ಟು ನುಣುಪು. ಹಸಿ ಇದ್ದಾಗ ಮಜ್ಜಿಗೆಯ ಹಾಗೆ ಹರಿಯುತ್ತದೆ. ಒಣಗಿದರೆ ಸುತ್ತಿಗೆಗೂ ಜಗ್ಗುವುದಿಲ್ಲ. ಅದನ್ನು ಹೊಂಡದಲ್ಲಿ ತುಂಬಿಸಿ ಸರಿಯಾಗಿ ವಿಲೇವಾರಿ ಮಾಡುವವರು ಇದ್ದಾರೆ. ಕತ್ತಲಾದ ಮೇಲೆ ರಸ್ತೆ ಬದಿಗೆ ಸುರಿದು ಹೋಗುವವರೂ ಇದ್ದಾರೆ. ಹೊಲದ ರಾಡಿಯಾದರೆ ಸಲಿಕೆಗೆ ಬರುತ್ತದೆ. ಈ ಬಿಳಿ ರಾಡಿ ಪೈಪಿನೊಳಗೆ ಕೂತರೆ ತೆಗೆಯುವುದು ಕಷ್ಟ. ಕಲ್ಲಿನಿಂದ ಬದುಕುವ ಊರು ಕಲ್ಲಿನ ಪುಡಿಗೆ ಒಂದು ಜಾಗ ಮಾಡಲಾರದೇ? ಇದರ ಮೇಲೆ ಪೇಟೆಯ ಪ್ಲಾಸ್ಟಿಕ್ ಚೀಲ, ಹೋಟೆಲ್ಲಿನ ಕಸ ಬೇರೆ.

ಬಾದಾಮಿಯದು ಬೇರೆ ಕತೆ. ಕೆಂಪು ಕಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಅಗಸ್ತ್ಯ ತೀರ್ಥದ ಮೇಲಿನ ಅಕ್ಕ-ತಂಗಿ ಜಲಪಾತದ ಹಾಗೆ ಧುಮುಕಿ ಓಡುತ್ತದೆ. ಜೊತೆಗೆ ಉಸುಕು ತರುತ್ತದೆ. ಗುಡ್ಡದ ಬುಡದ ಮೋರಿ ಅಂದರೆ ಹೆಚ್ಚು ಅಗಲ, ಹೆಚ್ಚು ಎತ್ತರ ಇರಬೇಕು. ಇನ್ನು ಬನಶಂಕರಿ ಜಾತ್ರೆ. ಬನದ ಹುಣ್ಣಿಮೆ ಬರುವುದು ಜನವರಿಯ ಸುಮಾರಿಗೆ. ಲಕ್ಷಾಂತರ ಜನ ಬರುತ್ತೇವೆ, ರೊಟ್ಟಿ ಬುತ್ತಿ ಬಿಚ್ಚುತ್ತೇವೆ, ನಾಟಕ ನೋಡುತ್ತೇವೆ. ತಾಟು, ಬಾಟಲಿ, ಚೀಲ ರಸ್ತೆ ಬದಿಯ ತಗ್ಗಿಗೆ ಬೀಳುತ್ತವೆ. ಮಳೆ ಬರುವುದು ಜೂನಿನಲ್ಲಿ. ನಡುವೆ ಹತ್ತಿರ ಹತ್ತಿರ ಐದು ತಿಂಗಳು ಆ ಕಸ ಅಲ್ಲೇ ಒಣಗುತ್ತ ಕಾಯುತ್ತದೆ. ಐದು ತಿಂಗಳಲ್ಲಿ ಯಾರಿಗೂ ಎತ್ತಲು ಆಗದಿದ್ದರೆ ಅದನ್ನು ನೈಸರ್ಗಿಕ ವಿಕೋಪ ಎನ್ನಬಹುದೇ?

ಬಾಗಲಕೋಟೆ ಸುತ್ತ ಮತ್ತು ಹೆದ್ದಾರಿಗಳ ಉದ್ದಕ್ಕೂ ಇನ್ನೊಂದು ರೋಗ. ಪ್ಲಾಟ್ ಆಗುತ್ತದೆ, ಧಾಬಾ ಆಗುತ್ತದೆ, ಪೆಟ್ರೋಲ್ ಬಂಕ್ ಆಗುತ್ತದೆ. ಒಳಗೆ ಗಾಡಿ ಬರಬೇಕಲ್ಲ, ರಸ್ತೆ ಬದಿಯ ಗಟಾರಕ್ಕೆ ಎರಡು ಟ್ರ್ಯಾಕ್ಟರ್ ಗರಸು ಸುರಿದು ದಾರಿ ಮಾಡುತ್ತಾರೆ. ಕೆಳಗೆ ಪೈಪು ಇಲ್ಲ. ಇದ್ದರೂ ಆರಿಂಚಿನದು. ಮೋರಿ ತೆರೆದೇ ಇರುತ್ತದೆ, ಆದರೆ ನೀರು ಮೋರಿಯ ತನಕ ಬರುವುದೇ ಇಲ್ಲ. ರಸ್ತೆಯನ್ನೇ ಗಟಾರ ಮಾಡಿಕೊಂಡು ಹರಿಯುತ್ತದೆ.

ಈ ನಾಲ್ಕೂ ಕಡೆ ಸಾಮಾನ್ಯ ಶತ್ರು ಒಂದಿದೆ, ಬಳ್ಳಾರಿ ಜಾಲಿ. ಹಳ್ಳದ ಹಸಿಗೆ ಮೋರಿಯ ಬಾಯಲ್ಲೇ ಹುಟ್ಟಿ ಎರಡು ವರ್ಷಕ್ಕೆ ಕಂಟಿಯಾಗುತ್ತದೆ. ತೇಲಿ ಬಂದ ಚೀಲ, ಕಟಗಿ ಎಲ್ಲ ಅದರ ಮುಳ್ಳಿಗೆ ಸಿಕ್ಕಿಕೊಳ್ಳುತ್ತವೆ. ಬೀವರ್ ತಂದು ಜೋಡಿಸುವ ಕೊಂಬೆಯನ್ನು ಇಲ್ಲಿ ನಾವು ಬೆಳೆಸಿಯೇ ಇಟ್ಟಿದ್ದೇವೆ.

ಅವರು ಹೇಳುವ ನೆವಗಳು

"ಇದು ನಮ್ಮ ವ್ಯಾಪ್ತಿಗೆ ಬರೂದಿಲ್ಲ." ಇದು ಮೊದಲ ನೆವ. ಪಂಚಾಯಿತಿಗೆ ಹೋದರೆ ಲೋಕೋಪಯೋಗಿ ಎನ್ನುತ್ತಾರೆ. ಅಲ್ಲಿ ಹೋದರೆ ಜಿಲ್ಲಾ ಪಂಚಾಯಿತಿ ಎಂಜಿನಿಯರಿಂಗ್ ವಿಭಾಗ ಎನ್ನುತ್ತಾರೆ. ಹೆದ್ದಾರಿಯಾದರೆ ಪ್ರಾಧಿಕಾರ. ಆದರೆ ಪ್ರತಿ ರಸ್ತೆಗೂ ಒಬ್ಬ ಒಡೆಯ ಕಾಗದದ ಮೇಲೆ ಇದ್ದೇ ಇದ್ದಾನೆ. ಬಿಲ್ ಆಗುವಾಗ ವ್ಯಾಪ್ತಿ ಗೊತ್ತಿರುತ್ತದೆ, ಹೂಳು ತೆಗೆಯುವಾಗ ಮರೆಯುತ್ತದೆ.

"ಅನುದಾನ ಇಲ್ಲ." ಇದು ಎರಡನೆಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕಟ್ಟಿದ ಗುತ್ತಿಗೆದಾರನೇ 5 ವರ್ಷ ನಿರ್ವಹಣೆ ಮಾಡಬೇಕು. ಗಟಾರ, ಮೋರಿ ಸ್ವಚ್ಛ ಮಾಡುವುದೂ ಅದರಲ್ಲೇ ಬರುತ್ತದೆ. ರಸ್ತೆಯ ಸುರುವಿನಲ್ಲಿ ನಿಂತ ಬೋರ್ಡಿನಲ್ಲಿ ಅವನ ಹೆಸರು, ಅವಧಿ ಬರೆದಿರುತ್ತದೆ. ಒಮ್ಮೆ ನಿಂತು ಓದಿ. ಉಳಿದ ಮೋರಿಗಳಿಗೆ ಎಷ್ಟು ಖರ್ಚು? ನಮ್ಮ ಕಡೆ ಜೆಸಿಬಿ ಬಾಡಿಗೆ ತಾಸಿಗೆ ಸಾವಿರ ರೂಪಾಯಿ ಆಚೆ ಈಚೆ. ಎರಡು ತಾಸು, ಇಬ್ಬರು ಆಳು. ಇನ್ನೊಂದು ಕಡೆ ನೋಡಿ. 2022ರಿಂದ 2026ರ ಅವಧಿಗೆ ಕೇಂದ್ರ ಹಾಕಿಕೊಟ್ಟ ಲೆಕ್ಕದಲ್ಲಿ ಮಳೆಯಾಶ್ರಿತ ಬೆಳೆ ಶೇ 33ಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ. ಎಕರೆಗೆ ಮೂರೂವರೆ ಸಾವಿರದೊಳಗೆ. ಒಂದು ಎಕರೆಯ ಪರಿಹಾರದ ದುಡ್ಡಿನಲ್ಲಿ ಒಂದು ಮೋರಿ ಸ್ವಚ್ಛ ಆಗುತ್ತದೆ, ಹತ್ತಾರು ಎಕರೆ ಉಳಿಯುತ್ತದೆ. ರೈತನ ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ ಈ ಪರಿಹಾರದಲ್ಲಿ ಅರ್ಧವೂ ಬರುವುದಿಲ್ಲ ಎಂಬುದು ಬೇರೆ ಮಾತು.

"ತಗದ್ರೂ ಮತ್ತ ತುಂಬತೈತಿ." ಇದು ಮೂರನೆಯದು, ಸ್ವಲ್ಪ ನಿಜ ಇರುವ ನೆವ. ಅದಕ್ಕೇ ಬೀವರ್ ಕತೆ ಹೇಳಿದ್ದು. ಬಾಯಿ ಬಿಡಿಸಿದರೆ ಸಾಲದು, ಕಸ ಬಾಯಿಗೆ ಬರದ ಹಾಗೆ ಮಾಡಬೇಕು. ಮೋರಿಯ ಬಾಯಿಂದ ಹತ್ತು ಹದಿನೈದು ಅಡಿ ಮೇಲೆ, ಹಳ್ಳಕ್ಕೆ ಅಡ್ಡಲಾಗಿ ಗಟ್ಟಿ ಕಂಬಗಳ ಸಾಲು ನೆಡಬೇಕು. ಎರಡು ಕಂಬಗಳ ನಡುವೆ ಪೈಪಿನ ಅಗಲದ ಅರ್ಧದಷ್ಟು ಅಂತರ ಇರಲಿ. ದೊಡ್ಡ ಕಂಟಿ, ಕಟಗಿಯ ಹೊರೆ ಅಲ್ಲೇ ನಿಲ್ಲುತ್ತದೆ. ದಾಟುವ ಸಣ್ಣ ಕಸ ಪೈಪಿನಿಂದ ಸಲೀಸಾಗಿ ಹೋಗುತ್ತದೆ. ಮಳೆ ನಿಂತ ಮೇಲೆ ಬಯಲಲ್ಲಿ ನಿಂತು ಕಸ ಎತ್ತಬಹುದು. ಎಂಜಿನಿಯರ್ ಕಡೆಯಿಂದ ಜಾಗ ಗುರುತು ಮಾಡಿಸಿಯೇ ಹಾಕಿ. ಕೆಲವರು ಮಾಡುವ ಹಾಗೆ ಪೈಪಿನ ಬಾಯಿಗೇ ಸಣ್ಣ ಕಿಂಡಿಯ ಜಾಳಿಗೆ ಮಾತ್ರ ಕಟ್ಟಬೇಡಿ. ಅದು ಒಂದೇ ಮಳೆಗೆ ಗೋಡೆಯಾಗುತ್ತದೆ.

ಮಿರಗದ ಒಳಗೆ ಮಾಡುವುದು

ಬೈದು ಬಿಟ್ಟರೆ ಈ ಬರಹಕ್ಕೂ ಹಳ್ಳಕ್ಕೆ ಒಗೆದ ಕಟಗಿಗೂ ವ್ಯತ್ಯಾಸ ಇಲ್ಲ. ಮಾಡಬೇಕಾದದ್ದು ಇಷ್ಟು.

ಮೊದಲು ಎಣಿಸಿ. ನಿಮ್ಮ ಊರ ಸುತ್ತ ಎಷ್ಟು ಮೋರಿ ಇವೆ? ದೊಡ್ಡ ರಸ್ತೆಯ ಮೋರಿಯ ಕಟ್ಟೆಯ ಮೇಲೆ ಬಣ್ಣದಲ್ಲಿ 14/2 ಎಂಬಂತೆ ಬರೆದಿರುತ್ತದೆ. ಅದರ ಅರ್ಥ 14ನೇ ಕಿಲೋಮೀಟರಿನ ಎರಡನೇ ಮೋರಿ. ದೂರು ಕೊಡುವಾಗ "ಗೌಡರ ಹೊಲದ ಹತ್ತಿರದ ಬ್ರಿಜ್" ಎಂದರೆ ಯಾರಿಗೂ ತಿಳಿಯುವುದಿಲ್ಲ. "14/2" ಎಂದರೆ ತಿಳಿಯಲಿಲ್ಲ ಎನ್ನಲು ಬರುವುದಿಲ್ಲ. ಊರ ಒಳರಸ್ತೆಯ ಮೋರಿಗೆ ನಂಬರ್ ಇರದಿದ್ದರೆ ನೀವೇ ಬರೆಯಿರಿ. ಒಂದು ಡಬ್ಬಿ ಬಣ್ಣ ಸಾಕು. ಹೆಸರಿಲ್ಲದ್ದಕ್ಕೆ ಯಜಮಾನನೂ ಇರುವುದಿಲ್ಲ.

ಎರಡನೆಯದು, ಫೋಟೊ. ಎಲ್ಲರೂ ಸೆಪ್ಟೆಂಬರಿನಲ್ಲಿ ರಸ್ತೆ ಮುಳುಗಿದಾಗ ವಿಡಿಯೊ ಮಾಡುತ್ತೇವೆ. ಮೇ ತಿಂಗಳಲ್ಲಿ ಒಣ ಮೋರಿಯ ಬಾಯಿಯ ಫೋಟೊ ತೆಗೆಯಿರಿ, ತಾರೀಕು ಕಾಣುವ ಹಾಗೆ. ಗ್ರಾಮ ಸಡಕ್ ರಸ್ತೆಯಾದರೆ "ಮೇರಿ ಸಡಕ್" ಆ್ಯಪ್‌ನಲ್ಲಿ ಹಾಕಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು. ಉಳಿದದ್ದಕ್ಕೆ ಪಿಡಿಒಗೆ ಬರೆದು ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಮೂರನೆಯದು, ಹತ್ತು ರೂಪಾಯಿ ಖರ್ಚು ಮಾಡಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಮಗೆ ಅಷ್ಟೂ ಬೇಡ. ಮೂರೇ ಪ್ರಶ್ನೆ: ಈ ರಸ್ತೆಯ ಮೋರಿಗಳು ಎಷ್ಟು? ಕಳೆದ ಮೂರು ವರ್ಷದಲ್ಲಿ ಯಾವ ತಾರೀಕಿಗೆ ಸ್ವಚ್ಛ ಮಾಡಿದ್ದೀರಿ? ಅದಕ್ಕೆ ಯಾರಿಗೆ ಎಷ್ಟು ಬಿಲ್ ಕೊಟ್ಟಿದ್ದೀರಿ? 30 ದಿನದಲ್ಲಿ ಉತ್ತರ ಬರಬೇಕು. ಉತ್ತರಕ್ಕಿಂತ ಮೊದಲು ಜೆಸಿಬಿ ಬಂದರೂ ಆಶ್ಚರ್ಯ ಪಡಬೇಡಿ.

ನಾಲ್ಕನೆಯದು, ಗ್ರಾಮಸಭೆ. ಅಲ್ಲಿ ಮನೆ, ಪಿಂಚಣಿ ಮಾತು ಮುಗಿಯುವಷ್ಟರಲ್ಲಿ ಜನ ಎದ್ದು ಹೋಗುತ್ತಾರೆ. ಒಬ್ಬರು ಕೂತು ಎರಡು ಠರಾವು ಬರೆಸಿ. ಒಂದು, ವರ್ಷಕ್ಕೆ ಮೂರು ಸಲ ಮೋರಿ ನೋಡುವುದು: ಮಿರಗಕ್ಕೆ ಮುಂಚೆ, ಮೊದಲ ದೊಡ್ಡ ಮಳೆಯ ಮರುದಿನ, ಉತ್ತರಿಗೆ ಮುಂಚೆ. ಎರಡು, ಹೊಸ ರಸ್ತೆ ಮಾಡುವಾಗ ಹಳ್ಳಕ್ಕೆ ಮನುಷ್ಯ ಬಗ್ಗಿ ಒಳಗೆ ಹೋಗಿ ಹೂಳು ತೆಗೆಯುವಷ್ಟು ದೊಡ್ಡ ಮೋರಿಯೇ ಬೇಕು. ಸಲಿಕೆ ಒಳಗೆ ಹೋಗದ ಪೈಪು ಹಾಕಿದ ದಿನವೇ ಅದು ಕಟ್ಟುವ ದಿನವೂ ನಿಶ್ಚಯವಾಗುತ್ತದೆ.

ಐದನೆಯದು ನಮ್ಮ ಪಾಲಿನದು. ಮೋರಿಯ ಬಾಯಿಯ ಸುತ್ತ ಹತ್ತಡಿ ರಂಟೆ ಹೊಡೆಯದೆ ಹುಲ್ಲು ಬಿಡಿ, ಮಣ್ಣನ್ನು ಅದೇ ತಡೆಯುತ್ತದೆ. ಕಟಗಿಯನ್ನು ಹಳ್ಳದ ದಂಡೆಗೆ ಒಗೆಯಬೇಡಿ. ಹೊಲಕ್ಕೆ ದಾರಿ ಮಾಡಿಕೊಳ್ಳುವಾಗ ಗರಸಿನ ಕೆಳಗೆ ಸರಿಯಾದ ಪೈಪು ಇಡಿ. ಹತ್ತಡಿ ಬಿಟ್ಟರೆ ಒಂದು ಸಾಲು ಬೆಳೆ ಹೋಗುತ್ತದೆ, ಬಿಡದಿದ್ದರೆ ಹೊಲವೇ ಹೋಗುತ್ತದೆ.

ಒಂದು ಎಚ್ಚರಿಕೆ. ನೀರು ಹರಿಯುವಾಗ ಮೋರಿಯ ಮೇಲ್ಭಾಗದ ಬಾಯಿಗೆ ಇಳಿಯಬೇಡಿ. ಕಟ್ಟಿದ್ದು ಒಮ್ಮೆಲೇ ಬಿಟ್ಟರೆ ನೀರು ಮನುಷ್ಯನನ್ನೂ ಪೈಪಿನೊಳಗೆ ಎಳೆಯುತ್ತದೆ. ಒಣ ಮೋರಿಯೊಳಗೆ ಹಾವು ಇರುತ್ತವೆ, ಮೊದಲು ಬ್ಯಾಟರಿ ಹಾಕಿ ನೋಡಿ. ನೀರಿನಲ್ಲಿ ಇಳಿದು ಶೌರ್ಯ ತೋರಿಸುವ ಪ್ರಸಂಗ ಬರಬಾರದು ಎಂದೇ ಬೇಸಿಗೆಯಲ್ಲಿ ಮಾಡಿ ಎನ್ನುತ್ತಿರುವುದು.

ಇನ್ನು ನಮ್ಮಂಥ ಪೇಪರಿನವರ ಮಾತು. ಪ್ರತಿ ಮೇ ತಿಂಗಳು "ಮುಂಗಾರು ಎದುರಿಸಲು ಸಜ್ಜಾಗಿ: ಅಧಿಕಾರಿಗಳಿಗೆ ಸೂಚನೆ" ಎಂಬ ಸುದ್ದಿ ಬರೆಯುತ್ತೇವೆ. ಸೆಪ್ಟೆಂಬರಿನಲ್ಲಿ "ಜನಜೀವನ ಅಸ್ತವ್ಯಸ್ತ" ಎಂದು ಬರೆಯುತ್ತೇವೆ. ನಡುವೆ ಆ ಸೂಚನೆ ಏನಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಮೋರಿ ಸುದ್ದಿಗೆ ಫೋಟೊ ಚೆಂದ ಬರುವುದಿಲ್ಲ, ಮುಳುಗಿದ ರಸ್ತೆಗೆ ಬರುತ್ತದೆ. ಹಾಗಾಗಿ ನಾವೂ ಮುಳುಗುವುದನ್ನೇ ಕಾಯುತ್ತೇವೆ. ಇನ್ನು ಮುಂದೆ "ಮಳೆಗೆ ಹಾನಿ" ಎಂದು ಬರೆಯುವ ಮೊದಲು ಬಗ್ಗಿ ಮೋರಿ ನೋಡುತ್ತೇನೆ. ಕೊನೆಯ ಸಲ ಯಾವಾಗ ಸ್ವಚ್ಛ ಮಾಡಿದ್ದರು ಎಂದು ಕೇಳುತ್ತೇನೆ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಯುತ್ತೇನೆ.

ಕಾಕಾ ಈ ವರ್ಷವೂ ಉಳ್ಳಾಗಡ್ಡಿ ಹಾಕುವವನೇ. ಬಸವ ಜಯಂತಿ ಮುಗಿದ ವಾರ ಅಕ್ಕಪಕ್ಕದ ಹೊಲದವರನ್ನು ಕರೆದು ಮೋರಿಯ ಬಾಯಲ್ಲಿನ ಜಾಲಿ ಕಡಿಸಿದ. ಒಳಗಿನ ಹೂಳು ತೆಗೆಯಲು ಬರೆದು ಕೊಟ್ಟ ಅರ್ಜಿಯ ಪ್ರತಿ ಅವನ ಅಂಗಿಯ ಕಿಸೆಯಲ್ಲೇ ಇದೆ. "ಇದಕ್ಕ ಉತ್ತರ ಬರತೈತೇನೋ ತಮ್ಮಾ?" ಎಂದು ಕೇಳಿದ. ಬರುತ್ತದೆ ಎಂದು ಹೇಳಲು ನನಗೆ ಧೈರ್ಯ ಆಗಲಿಲ್ಲ. ಒಂದು ಅರ್ಜಿಗೆ ಬರದೇ ಹೋಗಬಹುದು. ಇದೇ ರಸ್ತೆಯ ನಲವತ್ತು ಹೊಲದವರು ನಲವತ್ತು ಅರ್ಜಿ ಕೊಟ್ಟರೆ ಬರಲೇಬೇಕು.

ಮಿರಗ ಕೂಡುವುದು ಜೂನ್ 7, 8ರ ಸುಮಾರಿಗೆ. ಅಷ್ಟರೊಳಗೆ ಒಂದು ಸಂಜೆ ನಿಮ್ಮ ಊರ ಮೋರಿಯ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಆ ಕಡೆಯ ಬೆಳಕು ಕಂಡರೆ ಸರಿ. ಕಾಣದಿದ್ದರೆ ಅರ್ಜಿ ಬರೆಯಿರಿ.